ಹನ್ನೊಂದೂಕಾಲರಿಂದ ಆರೂಮುಕ್ಕಾಲರವರೆಗೆ

ಭಾವ ಅಡಿಕೆ ಮರದಿಂದ ಬಿದ್ದದ್ದು ಬೆಳಿಗ್ಗೆ ಹನ್ನೊಂದೂಕಾಲಿಗೆ. ಅಕ್ಕನಿಗೆ ಈ ಹೊತ್ತು ಸರಿಯಾಗಿ ನೆನಪಿದೆ. ಆಗಷ್ಟೇ ಅನ್ನದ ಪಾತ್ರೆ ಇಳಿಸಿ ಗಡಿಯಾರ ನೋಡಿದ್ದಳಂತೆ.

ಎರಡು ವರ್ಷದ ಹಿಂದಿನ ಜೂನ್ ತಿಂಗಳು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಮದ್ದು ಬಿಡಲಿಕ್ಕೆ ಬರ್ತೇನೆ ಅಂದವನು ಬರಲಿಲ್ಲ. ಕೊಳೆರೋಗ ಶುರುವಾದರೆ ಆ ವರ್ಷದ ಫಸಲು ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಭಾವ ತಾವೇ ತಳೆ ಹಾಕಿಕೊಂಡು ಮರ ಹತ್ತಿದರು. ಬಿದ್ದದ್ದು ತುಂಬ ಎತ್ತರದಿಂದ ಏನಲ್ಲ, ಹನ್ನೆರಡು ಹದಿಮೂರು ಅಡಿ ಇರಬಹುದು. ಆದರೆ ಕೆಳಗೆ ಕೆಂಪುಕಲ್ಲಿನ ಕಟ್ಟೆ ಇತ್ತು. ಎಡಗಡೆ ಕಿವಿಯ ಮೇಲೆ ತಾಗಿತು. ಒಂದು ನಿಮಿಷ ಮಂಕಾಗಿ ಬಿದ್ದಿದ್ದರಂತೆ. ಆಮೇಲೆ ಎದ್ದು ತಾವೇ ನಡೆದುಕೊಂಡು ಅಂಗಳಕ್ಕೆ ಬಂದರು, ಜಗಲಿಯಲ್ಲಿ ಕೂತು ಒಂದು ಚೊಂಬು ನೀರು ಕುಡಿದರು. ಅಕ್ಕ ಗಾಬರಿಯಾದದ್ದು ಕಂಡು ತುಳುವಿನಲ್ಲಿ ಹೇಳಿದರು, "ಎಂಕ್ ದಾಲಾ ಆತಿಜಿ." ನನಗೇನೂ ಆಗಿಲ್ಲ ಅಂತ.

ಸ್ನಾನ ಮಾಡಿದರು. ಗಂಜಿ ಊಟ ಮಾಡಿದರು. ಒಂದು ಗಂಟೆಯ ಹೊತ್ತಿಗೆ ತಲೆ ಸಿಡಿಯುತ್ತದೆ ಅಂದರು, ಒಮ್ಮೆ ವಾಂತಿ ಮಾಡಿದರು. ಬಿಸಿಲಿಗೆ ಪಿತ್ತ ಆಗಿರಬೇಕು, ಸ್ವಲ್ಪ ಮಲಗ್ತೇನೆ ಅಂತ ಮಲಗಿದರು. ಎರಡು ಗಂಟೆಗೆ ಅಕ್ಕ ಚಾ ತೆಗೆದುಕೊಂಡು ಹೋಗಿ ಎಬ್ಬಿಸಿದರೆ ಕಣ್ಣು ಬಿಡಲಿಲ್ಲ, ಬರೀ ಹೂಂ ಅಂದರು.

ಆಮೇಲೆ ನಡೆದದ್ದನ್ನು ಹೊತ್ತಿನ ಪ್ರಕಾರವೇ ಹೇಳಬೇಕು. ಎರಡೂಕಾಲಿಗೆ ಪಕ್ಕದ ಮನೆಯವರ ಜೀಪು. ಎರಡೂವರೆಗೆ ಪೇಟೆಯ ಕ್ಲಿನಿಕ್, ಅಲ್ಲಿ ಡಾಕ್ಟರು ಮುಟ್ಟಿಯೂ ನೋಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಮೂರಕ್ಕೆ ಹತ್ತಿರದ ದೊಡ್ಡ ಆಸ್ಪತ್ರೆ. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಡ್ರಿಪ್ ಹಾಕಿದರು, ಚೀಟಿ ಬರೆದರು, ಆಂಬುಲೆನ್ಸ್ ಬರಲಿಕ್ಕೆ ಅರ್ಧ ಗಂಟೆ ಹಿಡಿಯಿತು. ಘಟ್ಟದ ಬುಡದ ಆ ಊರಿಂದ ಮಂಗಳೂರಿಗೆ ಎಪ್ಪತ್ತು ಕಿಲೋಮೀಟರ್. ಮಳೆ ಮತ್ತೆ ಹಿಡಿದಿತ್ತು, ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಐದು ಗಂಟೆಗೆ ಮೊದಲನೇ ಆಸ್ಪತ್ರೆ ಮುಟ್ಟಿದರು. ನಾನು ಆಫೀಸಿಂದ ಓಡಿಹೋಗಿ ಗೇಟಲ್ಲಿ ಕಾಯ್ತಾ ಇದ್ದೆ. ಸ್ಕ್ಯಾನ್ ಬೇಗ ಆಯಿತು. ಆದರೆ ವೆಂಟಿಲೇಟರ್ ಇರುವ ಬೆಡ್ ಖಾಲಿ ಇಲ್ಲ ಅಂದರು. ಮತ್ತೆ ಆಂಬುಲೆನ್ಸ್, ಮತ್ತೆ ಸಿಗ್ನಲ್‌ಗಳು. ಎರಡನೇ ಆಸ್ಪತ್ರೆಯಲ್ಲಿ ಭಾವನನ್ನು ಆಪರೇಶನ್ ಥಿಯೇಟರಿನ ಒಳಗೆ ತೆಗೆದುಕೊಂಡು ಹೋದಾಗ ಆರೂಮುಕ್ಕಾಲು.

ಸ್ಕ್ಯಾನಿನ ಫಿಲ್ಮನ್ನು ನಾನು ಕಾರಿಡಾರಿನ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ದೆ. ತಲೆಯ ಒಂದು ಬದಿಗೆ, ಎಲುಬಿಗೆ ಅಂಟಿಕೊಂಡ ಹಾಗೆ, ಹಲಸಿನ ಬೇಳೆಯ ಆಕಾರದ ಬಿಳಿ ಕಲೆ. ನಡುವಿನಲ್ಲಿ ನೆಟ್ಟಗೆ ಇರಬೇಕಾದ ಗೆರೆ ಇನ್ನೊಂದು ಬದಿಗೆ ಬಾಗಿತ್ತು. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ಒಂದು ರಕ್ತನಾಳ ಹರಿದು, ಸ್ವಲ್ಪ ಸ್ವಲ್ಪವೇ ರಕ್ತ ತುಂಬಿಕೊಂಡು ಮಿದುಳನ್ನು ಒತ್ತುತ್ತಿತ್ತು. ಇಂಥ ಪೆಟ್ಟಿನಲ್ಲಿ ಕೆಲವರು ಮೊದಲು ಚೆನ್ನಾಗಿಯೇ ಇರುತ್ತಾರೆ. ಎದ್ದು ಓಡಾಡುತ್ತಾರೆ, ಮಾತಾಡುತ್ತಾರೆ, ಊಟ ಮಾಡುತ್ತಾರೆ. ಬದುಕಿಸಲಿಕ್ಕೆ ಸಿಗುವ ಸಮಯವೇ ಅದು. ನಾವು ಆ ಸಮಯದಲ್ಲಿ ಗಂಜಿ ಬಡಿಸಿದೆವು ಅಂತ ಅಕ್ಕ ಈಗಲೂ ಹೇಳಿಕೊಂಡು ಅಳುತ್ತಾಳೆ. ಅವಳದ್ದೇನೂ ತಪ್ಪಿಲ್ಲ. ಅವಳಿಗೆ ಯಾರು ಹೇಳಿಕೊಟ್ಟಿದ್ದರು?

ಆಪರೇಶನ್ ಎರಡು ಗಂಟೆಯೊಳಗೆ ಮುಗಿಯಿತು. ಹೊರಗೆ ಬಂದ ಡಾಕ್ಟರು ಚಿಕ್ಕ ವಯಸ್ಸಿನವರು, ಮೂವತ್ತೈದರ ಆಸುಪಾಸು. ನನ್ನನ್ನು ಕೂರಿಸಿಕೊಂಡು ನಿಧಾನಕ್ಕೆ ಹೇಳಿದರು. "ನೋಡಿ, ಇದು ನಮ್ಮಲ್ಲಿ ಕಲಿಯಲಿಕ್ಕೆ ಬಂದವರು ಮೊದಮೊದಲು ಕಲಿಯುವ ಆಪರೇಶನ್. ಎಲುಬು ಬಿಚ್ಚುವುದು, ಹೆಪ್ಪುಗಟ್ಟಿದ ರಕ್ತ ತೆಗೆಯುವುದು, ಸೋರುವ ಜಾಗ ಮುಚ್ಚುವುದು. ಎರಡು ಗಂಟೆ ಮೊದಲು ಬಂದಿದ್ದರೆ ಒಂದು ವಾರದಲ್ಲಿ ನಡೆದುಕೊಂಡು ಮನೆಗೆ ಹೋಗ್ತಿದ್ದರೋ ಏನೋ. ಈಗ ಮಿದುಳು ಊದಿಕೊಂಡಿದೆ. ಕಾಯಬೇಕು."

ಹತ್ತೊಂಬತ್ತು ದಿನ ಕಾದೆವು.

ಮೊದಲ ಸಲ ಐಸಿಯು ಒಳಗೆ ಬಿಟ್ಟಾಗ ಅಕ್ಕ ತಲೆಯ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಹೋದದ್ದು ಹೊಟ್ಟೆಗೆ. ಬಲಗಡೆ, ಹೊಕ್ಕುಳಿನ ಪಕ್ಕ, ಒಂದು ದೊಡ್ಡ ಬ್ಯಾಂಡೇಜ್. "ತಮ್ಮಾ, ಹೊಟ್ಟೆಗೂ ಪೆಟ್ಟಾಗಿತ್ತಾ? ನಂಗೆ ಯಾರೂ ಹೇಳ್ಲೇ ಇಲ್ಲ ಅಲ್ವಾ?" ಅಂದಳು. ನನಗೂ ಗೊತ್ತಿರಲಿಲ್ಲ. ಅಲ್ಲಿದ್ದ ಸಿಸ್ಟರ್ ವಿವರಿಸಿದರು. ಊದಿದ ಮಿದುಳಿಗೆ ಜಾಗ ಬೇಕು ಅಂತ ತಲೆಯಿಂದ ತೆಗೆದ ಎಲುಬನ್ನು ವಾಪಸ್ ಇಟ್ಟಿಲ್ಲ. ಅಂಗೈಯಗಲದ ಆ ತುಂಡನ್ನು ಭಾವನ ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದಿದ್ದಾರೆ. ಊತ ಇಳಿದ ಮೇಲೆ, ಎರಡು ಮೂರು ತಿಂಗಳಿಗೆ, ಅಲ್ಲಿಂದ ತೆಗೆದು ತಲೆಗೆ ಕೂರಿಸುತ್ತಾರೆ. ನಮ್ಮ ದೇಶದ ತುಂಬ ಆಸ್ಪತ್ರೆಗಳಲ್ಲಿ ಹೀಗೆ ಮಾಡುತ್ತಾರಂತೆ. ಎಲುಬು ಕಾಪಾಡಲಿಕ್ಕೆ ವಿಶೇಷ ಫ್ರೀಜರ್ ಬೇಕಿಲ್ಲ, ಕರೆಂಟ್ ಬೇಕಿಲ್ಲ, ಕಳೆದುಹೋಗುವ ಭಯವೂ ಇಲ್ಲ. ಅಕ್ಕ ಆ ಬ್ಯಾಂಡೇಜಿನ ಮೇಲೆ ಕೈಯಿಡಲಿಕ್ಕೆ ಹೋಗಿ ಹಿಂದೆ ತೆಗೆದುಕೊಂಡಳು. ಆಮೇಲೆ ದಿನಾ ಒಳಗೆ ಹೋದಾಗ ಮೊದಲು ಹೊಟ್ಟೆಯ ಕಡೆಗೇ ನೋಡುತ್ತಿದ್ದಳು, ಏನೋ ಅಡವಿಟ್ಟ ಸಾಮಾನು ಅಲ್ಲೇ ಇದೆಯಾ ಅಂತ ನೋಡುವ ಹಾಗೆ.

ಮಂಗಳೂರಿನಲ್ಲಿ ಆಸ್ಪತ್ರೆಗೆ ಬರವಿಲ್ಲ. ಸರ್ಕಾರಿ ಆಸ್ಪತ್ರೆ ವೆನ್ಲಾಕ್ ಇದೆ, ಕಂಕನಾಡಿಯಲ್ಲಿದೆ, ದೇರಳಕಟ್ಟೆಯಲ್ಲಿ ಸಾಲಾಗಿವೆ, ಒಂದು ಗಂಟೆ ದಾರಿಯಲ್ಲಿ ಮಣಿಪಾಲ ಇದೆ. ನಾವು ಇಲ್ಲಿಯವರು ಇದನ್ನು ಸುಮ್ನೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಐಸಿಯು ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ಗೊತ್ತಾದದ್ದು, ಈ ಆಸ್ಪತ್ರೆಗಳಿಗೆ ಎಷ್ಟು ದೂರದಿಂದ ಜನ ಬರುತ್ತಾರೆ ಅಂತ. ಕುಮಟಾದಿಂದ ಬಂದ ಒಬ್ಬರು ಅಪ್ಪ ಇದ್ದರು, ಮಗ ಬೈಕಿಂದ ಬಿದ್ದದ್ದು. ಮೂಡಿಗೆರೆ ಕಡೆಯ ಕಾಫಿ ತೋಟದ ಕಾರ್ಮಿಕರೊಬ್ಬರ ಹೆಂಡತಿ ಇದ್ದಳು, ಘಟ್ಟ ಇಳಿದು ಬಂದಿದ್ದಳು. ಕಾಸರಗೋಡಿನ ಒಂದು ಕುಟುಂಬ ಇತ್ತು. ರಾತ್ರಿ ಚಾ ಕುಡಿಯುವಾಗ ಎಲ್ಲರೂ ಒಂದೇ ಲೆಕ್ಕ ಹೇಳುತ್ತಿದ್ದರು. ಎಷ್ಟು ಗಂಟೆಗೆ ಬಿದ್ದದ್ದು, ಎಷ್ಟು ಆಸ್ಪತ್ರೆ ತಿರುಗಿದ್ದು, ಎಷ್ಟು ಗಂಟೆಗೆ ಒಳಗೆ ಹೋದದ್ದು. ನಮ್ಮ ಏಳೂವರೆ ಗಂಟೆ ಅಲ್ಲಿ ಜಾಸ್ತಿ ಏನೂ ಆಗಿರಲಿಲ್ಲ.

ಕುಮಟಾದವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟಾದರೆ ಹೆದ್ದಾರಿಯೇ ಆಸ್ಪತ್ರೆ." ಕುಮಟಾದಿಂದ ಮಣಿಪಾಲಕ್ಕೆ ನೂರಿಪ್ಪತ್ತು ಕಿಲೋಮೀಟರಿಗಿಂತ ಜಾಸ್ತಿ. ಉತ್ತರ ಕನ್ನಡಕ್ಕೆ ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ಅಲ್ಲಿಯ ಜನ ವರ್ಷಗಟ್ಟಲೆ ಕೇಳುತ್ತಾ ಬಂದಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಒದ್ದೆ ರಸ್ತೆಗೆ ಜಾರಿ ಅಪ್ಪಳಿಸಿತು. ನಾಲ್ಕು ಜನ ಸತ್ತರು. ಆ ವಿಡಿಯೊ ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ, ಅಯ್ಯೋ ಅಂದಿದ್ದೇವೆ. ಆ ಗಾಡಿ ಅಷ್ಟು ದೂರ ಯಾಕೆ ಓಡಬೇಕಾಯಿತು ಅಂತ ಕೇಳಿದವರು ಆ ಜಿಲ್ಲೆಯವರು ಮಾತ್ರ. ಕಾಸರಗೋಡಿನವರದ್ದು ಇನ್ನೊಂದು ಕಥೆ. ಅವರಿಗೆ ಮಂಗಳೂರು ಒಂದು ಗಂಟೆಯ ದಾರಿ. ಆದರೆ 2020ರ ಮಾರ್ಚಿನಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ಒಂದು ಗಂಟೆ ಯಾವ ಉಪಯೋಗಕ್ಕೂ ಬರಲಿಲ್ಲ, ದಾರಿಯಲ್ಲೇ ಜೀವ ಹೋದವರಿದ್ದಾರೆ. ಮ್ಯಾಪಿನಲ್ಲಿ ಹತ್ತಿರ ಕಂಡದ್ದು ಕಷ್ಟದ ಹೊತ್ತಿಗೆ ಹತ್ತಿರವೇ ಇರುತ್ತದೆ ಅಂತ ಇಲ್ಲ.

ಆ ಹತ್ತೊಂಬತ್ತು ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಸಿಕ್ಕಿದ್ದೆಲ್ಲ ಓದಿದೆ. ಆಮೇಲೂ ಓದುವುದು ಬಿಡಲಿಲ್ಲ.

ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ನೇಮಿಸಿದ್ದ ಆಯೋಗವೊಂದು 2015ರಲ್ಲಿ ಕೊಟ್ಟ ಲೆಕ್ಕ ಇದು: ಬೇಕಾದಾಗ ಸುರಕ್ಷಿತವಾದ, ಕೈಗೆಟುಕುವ ಆಪರೇಶನ್ ಸಿಗದವರು ಜಗತ್ತಿನಲ್ಲಿ 500 ಕೋಟಿ ಜನ. ಅಂದರೆ ಸಿಗುವವರೇ ಕಡಿಮೆ. ಮಿದುಳು ಬೆನ್ನುಹುರಿಯದ್ದನ್ನೇ ಬೇರೆ ಮಾಡಿ ಲೆಕ್ಕ ಹಾಕಿದ್ದು 2018ರಲ್ಲಿ. ವರ್ಷಕ್ಕೆ ಸುಮಾರು 1.38 ಕೋಟಿ ಜನರಿಗೆ ಇಂಥ ಆಪರೇಶನ್ ಬೇಕಾಗುತ್ತದೆ, ಅದರಲ್ಲಿ ಸುಮಾರು 50 ಲಕ್ಷ ಜನರಿಗೆ ಅದು ಸಿಗುವುದೇ ಇಲ್ಲ. ಇವರೆಲ್ಲ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಈ ಕೊರತೆ ತುಂಬಲಿಕ್ಕೆ ಇನ್ನೂ 23,000ಕ್ಕಿಂತ ಜಾಸ್ತಿ ನ್ಯೂರೋಸರ್ಜನ್‌ಗಳು, ಅಂದರೆ ಇಂಥ ಆಪರೇಶನ್ ಮಾಡುವ ಡಾಕ್ಟರುಗಳು, ಬೇಕಂತೆ. ನಮ್ಮಲ್ಲಿ ಎಂಬಿಬಿಎಸ್ ಆದ ಮೇಲೆ ಒಬ್ಬ ನ್ಯೂರೋಸರ್ಜನ್ ತಯಾರಾಗಲಿಕ್ಕೆ ಕಡಿಮೆ ಅಂದರೂ ಆರು ವರ್ಷ. ಹಾಗಂತ ಕೈಕಟ್ಟಿ ಕೂರುವ ಹಾಗೂ ಇಲ್ಲ. ನಮ್ಮ ದೇಶದಲ್ಲೇ 1949ರಲ್ಲಿ ಡಾ. ಜೇಕಬ್ ಚಾಂಡಿ ವೆಲ್ಲೂರಿನಲ್ಲಿ ವಿಭಾಗ ಶುರುಮಾಡುವವರೆಗೆ ಮಿದುಳಿನ ಆಪರೇಶನ್ನಿಗೆ ಅಂತ ಒಂದು ವಿಭಾಗವೇ ಇರಲಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಮರದಿಂದ ಬಿದ್ದು ಸಂಜೆಗೆ ಸತ್ತವರನ್ನು "ಏಟು ಒಳಗೆ ಹೋಯಿತು" ಅಂತ ಹೇಳಿ ಮಣ್ಣು ಮಾಡುತ್ತಿದ್ದರು.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಉಗಾಂಡದ ಕಥೆ.

ಬೆಂಜಮಿನ್ ವಾರ್ಫ್ ಅನ್ನುವ ಅಮೆರಿಕದ ಮಕ್ಕಳ ನ್ಯೂರೋಸರ್ಜನ್ 2000ನೇ ಇಸವಿಯಲ್ಲಿ ಸಂಸಾರ ಸಮೇತ ಉಗಾಂಡದ ಮ್ಬಾಲೆ ಅನ್ನುವ ಊರಿಗೆ ಹೋದರು, ಮಕ್ಕಳ ಆಸ್ಪತ್ರೆ ಕಟ್ಟಲಿಕ್ಕೆ. ಅಲ್ಲಿಗೆ ಬರುತ್ತಿದ್ದದ್ದು ತಲೆಯಲ್ಲಿ ನೀರು ತುಂಬಿ ತಲೆ ದೊಡ್ಡದಾದ ಹಸುಗೂಸುಗಳು. ಈ ಕಾಯಿಲೆಗೆ ಹೈಡ್ರೋಸೆಫಲಸ್ ಅನ್ನುತ್ತಾರೆ. ಅಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಇದು ಹುಟ್ಟಿನಿಂದ ಬಂದದ್ದಲ್ಲ, ಹುಟ್ಟಿದ ಮೇಲೆ ತಗುಲಿದ ಸೋಂಕಿನಿಂದ ಬಂದದ್ದು. ಎಲ್ಲ ಕಡೆ ಇದಕ್ಕೆ ಮಾಡುವುದು ಶಂಟ್. ಮಿದುಳಿನಿಂದ ಹೊಟ್ಟೆಯವರೆಗೆ ಚರ್ಮದ ಕೆಳಗೆ ಒಂದು ಸಣ್ಣ ಕೊಳವೆ ಹಾಕಿ ನೀರನ್ನು ಹೊಟ್ಟೆಗೆ ಇಳಿಸುವುದು. ಶಂಟ್ ದುಬಾರಿ. ಆದರೆ ನಮ್ಮ ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಅಂತ ಒಂದಿದೆ. ಪಾಶ್ಚಾತ್ಯ ದೇಶಗಳ ಶಂಟ್‌ನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಬೆಲೆ. ವಾರ್ಫ್ 195 ಮಕ್ಕಳಲ್ಲಿ ಎರಡನ್ನೂ ಹೋಲಿಸಿ ನೋಡಿದರು. ಒಂದು ವರ್ಷದ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಅದನ್ನು ಪ್ರಕಟಿಸಿದರು. ಓದುವಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ ಪಕ್ಕದಲ್ಲಿ ತೂಕಡಿಸುತ್ತಿದ್ದ ಕುಮಟಾದವರನ್ನು ಎಬ್ಬಿಸಿ ಹೇಳಿದೆ.

ಬೆಲೆಯ ಪ್ರಶ್ನೆ ಹೀಗೆ ಬಗೆಹರಿಯಿತು, ದೂರದ ಪ್ರಶ್ನೆ ಹಾಗೇ ಉಳಿಯಿತು. ಶಂಟ್ ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು, ಸೋಂಕು ಹತ್ತಬಹುದು. ಕಟ್ಟಿಕೊಂಡರೆ ಮಗುವನ್ನು ಆದಷ್ಟು ಬೇಗ ಆಸ್ಪತ್ರೆಗೆ ತರಬೇಕು. ಮನೆ ಆಸ್ಪತ್ರೆಯಿಂದ ಒಂದು ದಿನದ ದಾರಿ, ಬಸ್ಸಿಗೆ ದುಡ್ಡಿಲ್ಲ ಅಂದರೆ ಆ ಕೊಳವೆಯೇ ಮಗುವಿನ ಜೀವಕ್ಕೆ ಕುತ್ತು. ಆಗ ವಾರ್ಫ್ ಕೊಳವೆಯನ್ನೇ ಬಿಡುವ ದಾರಿ ಹುಡುಕಿದರು. ಎಂಡೋಸ್ಕೋಪ್ ಹಾಕಿ ಮಿದುಳಿನ ಒಳಗೇ ನೀರು ಹರಿಯಲಿಕ್ಕೆ ಒಂದು ತೂತು ಮಾಡುವುದು ಮೊದಲೇ ಇದ್ದ ವಿಧಾನ. ತೀರಾ ಸಣ್ಣ ಮಕ್ಕಳಲ್ಲಿ ಅದೊಂದೇ ಸಾಕಾಗುತ್ತಿರಲಿಲ್ಲ. ಅದರ ಜೊತೆಗೆ ನೀರು ಉತ್ಪತ್ತಿ ಮಾಡುವ ಅಂಗಾಂಶವನ್ನು ಸುಟ್ಟು ಕಡಿಮೆ ಮಾಡುವುದನ್ನು ಅವರು ಸೇರಿಸಿದರು. ತುಂಬ ಮಕ್ಕಳಿಗೆ ಶಂಟಿನ ಅಗತ್ಯವೇ ಬೀಳಲಿಲ್ಲ. ಮುಂದೆ ಅದೇ ಮ್ಬಾಲೆಯಲ್ಲಿ 100 ಮಕ್ಕಳಲ್ಲಿ ಎರಡೂ ವಿಧಾನ ಹೋಲಿಸಿದ ಅಧ್ಯಯನ 2017ರಲ್ಲಿ ಬಂತು. ಒಂದು ವರ್ಷದ ನಂತರ ಮಕ್ಕಳ ಬೆಳವಣಿಗೆಯಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಕೊಳವೆ ಇಲ್ಲದ ಮಕ್ಕಳಿಗೆ ಅದು ಕಟ್ಟಿಕೊಳ್ಳುವ ಭಯ ಮಾತ್ರ ಇರಲಿಲ್ಲ. ಈಗ ಅಮೆರಿಕದಲ್ಲೂ ಈ ಆಪರೇಶನ್ ಮಾಡುತ್ತಾರೆ.

ನನಗೆ ಇದರಲ್ಲಿ ಹಿಡಿಸಿದ್ದು ಒಂದೇ. ಆ ಡಾಕ್ಟರು ಆಪರೇಶನ್ ಯೋಚಿಸುವಾಗ ಮಗು ಮನೆಗೆ ಹೋದ ಮೇಲಿನ ದಾರಿಯನ್ನೂ, ಆ ತಾಯಿಯ ಕೈಯಲ್ಲಿರುವ ಬಸ್ ಚಾರ್ಜನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನಮ್ಮಲ್ಲಿ ಆಸ್ಪತ್ರೆ ಕಟ್ಟುವವರು, ಯೋಜನೆ ಬರೆಯುವವರು ಆಸ್ಪತ್ರೆಯ ಗೇಟಿನಿಂದ ಒಳಗಿನದ್ದನ್ನು ಮಾತ್ರ ಯೋಚಿಸುತ್ತಾರೆ. ಗೇಟಿನ ಹೊರಗಿನದ್ದು ರೋಗಿಯ ಹಣೆಬರಹ ಅಂತ ಬಿಟ್ಟುಬಿಡುತ್ತಾರೆ. ಭಾವನ ಏಳೂವರೆ ಗಂಟೆಯಲ್ಲಿ ನ್ಯೂರೋಸರ್ಜನ್ ಇಲ್ಲ ಅಂತ ಹೋದ ಹೊತ್ತು ತುಂಬ ಕಡಿಮೆ. ಉಳಿದದ್ದೆಲ್ಲ ಹೋದದ್ದು ಗೊತ್ತಾಗದೆ, ಕೇಳುವವರಿಲ್ಲದೆ, ಎಲ್ಲಿಗೆ ಹೋಗಬೇಕು ಅಂತ ಯಾರೂ ಸರಿಯಾಗಿ ಹೇಳದೆ.

ಹಾಗಾದರೆ ಮೂರು ಗಂಟೆಗೆ ಹೋದ ಆ ಆಸ್ಪತ್ರೆಯಲ್ಲಿ ಏನು ಮಾಡಬಹುದಿತ್ತು? ನಾನು ಡಾಕ್ಟರ್ ಅಲ್ಲ. ಆದರೆ ಆ ಚಿಕ್ಕ ವಯಸ್ಸಿನ ಡಾಕ್ಟರ ಹತ್ತಿರ ಎಷ್ಟೋ ಸಲ ಕೇಳಿ ಕೇಳಿ ಬರೆದಿಟ್ಟುಕೊಂಡಿದ್ದೇನೆ.

ಒಂದು, ಲೆಕ್ಕ ಹಾಕುವುದು. 1974ರಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನುವ ಇಬ್ಬರು ಡಾಕ್ಟರು ಒಂದು ಅಂಕಪಟ್ಟಿ ಮಾಡಿಕೊಟ್ಟರು. ಕಣ್ಣು ಬಿಡುತ್ತಾರಾ, ಮಾತು ಹೇಗಿದೆ, ಹೇಳಿದರೆ ಕೈಕಾಲು ಆಡಿಸುತ್ತಾರಾ, ಇಷ್ಟು ನೋಡಿ ಈಗ 3ರಿಂದ 15ರ ತನಕ ಅಂಕ ಕೊಡುತ್ತಾರೆ. ಇದಕ್ಕೆ ಯಾವ ಮೆಷಿನ್ನೂ ಬೇಡ, ಎರಡು ನಿಮಿಷ ಸಾಕು, ಕಲಿತ ನರ್ಸ್ ಯಾರಾದರೂ ಮಾಡಬಹುದು. ಅರ್ಧ ಗಂಟೆಯಲ್ಲಿ 14ರಿಂದ 11ಕ್ಕೆ ಇಳಿದರೆ ಒಳಗೆ ಏನೋ ಬೆಳೆಯುತ್ತಿದೆ ಅಂತ ಅರ್ಥ. ಭಾವನ ಚೀಟಿಯಲ್ಲಿ ಆ ಅಂಕ ಇರಲಿಲ್ಲ. "ಬಿದ್ದದ್ದು, ಮಂಪರು" ಅಂತ ಮಾತ್ರ ಇತ್ತು.

ಇನ್ನೊಂದು, ಟ್ರಾನೆಕ್ಸಾಮಿಕ್ ಆಸಿಡ್. ಹೆಂಗಸರಿಗೆ ಮುಟ್ಟಿನ ಸ್ರಾವ ಜಾಸ್ತಿಯಾದಾಗ ಕೊಡುವ ಔಷಧಿಯೇ. ನಮ್ಮ ಪೇಟೆಯ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. 29 ದೇಶಗಳ 12,000ಕ್ಕಿಂತ ಜಾಸ್ತಿ ತಲೆಪೆಟ್ಟಿನ ರೋಗಿಗಳಲ್ಲಿ ಅದರ ಇಂಜೆಕ್ಷನ್ ಪರೀಕ್ಷಿಸಿ ನೋಡಿದ ಅಧ್ಯಯನ 2019ರಲ್ಲಿ ಬಂತು. ಪೆಟ್ಟು ತೀರಾ ಗಂಭೀರವಾಗಿಲ್ಲದವರಿಗೆ ಪೆಟ್ಟಾಗಿ ಮೂರು ಗಂಟೆಯ ಒಳಗೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಅಂತ ಗೊತ್ತಾಯಿತು. ಬೇಗ ಕೊಟ್ಟಷ್ಟೂ ಒಳ್ಳೆಯದು. ಮೂರು ಗಂಟೆಯ ಒಳಗೆ ಅಂದರೆ ಅದು ಮಂಗಳೂರಿನ ಕೆಲಸವಲ್ಲ, ಮೊದಲು ಹೋದ ಆಸ್ಪತ್ರೆಯ ಕೆಲಸ. ಭಾವ ಅಲ್ಲಿಗೆ ಮುಟ್ಟುವಾಗ ಆ ಹೊತ್ತೂ ದಾಟಿತ್ತು.

ಮೂರನೆಯದ್ದರ ಬಗ್ಗೆ ಡಾಕ್ಟರುಗಳಲ್ಲೇ ಜಗಳ ಇದೆ. ನ್ಯೂರೋಸರ್ಜನ್ ಇಲ್ಲದ ಕಡೆ ಸಾಮಾನ್ಯ ಸರ್ಜನ್ನೋ ಇನ್ನೊಬ್ಬರೋ ತಲೆಬುರುಡೆಗೆ ಒಂದು ತೂತು ಕೊರೆದು ರಕ್ತ ಬಿಡಬಹುದಾ? ಟಾಂಜಾನಿಯಾದ ಹೇಡಮ್ ಅನ್ನುವ ಹಳ್ಳಿಯ ಆಸ್ಪತ್ರೆಗೆ 2006ರಲ್ಲಿ ಹೋದ ಡಿಲನ್ ಎಲ್ಲೆಗಲ ಅನ್ನುವ ಅಮೆರಿಕದ ನ್ಯೂರೋಸರ್ಜನ್, ಎಂಬಿಬಿಎಸ್ ಕೂಡ ಆಗಿರದ ಇಮ್ಯಾನುಯಲ್ ಮಯೆಗ್ಗಾ ಅನ್ನುವ ಸಹಾಯಕ ವೈದ್ಯಾಧಿಕಾರಿಗೆ ಮಿದುಳಿನ ಆಪರೇಶನ್ ಕಲಿಸಿದರು. ಮಯೆಗ್ಗಾ ಕಲಿತರು, ಇನ್ನೊಬ್ಬರಿಗೆ ಕಲಿಸಿದರು. ಇದು ಅಪಾಯ ಅನ್ನುವವರಿದ್ದಾರೆ, ಬಡವರಿಗೆ ಎರಡನೇ ದರ್ಜೆಯ ಚಿಕಿತ್ಸೆ ಸಾಕಾ ಅಂತ ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಲಗಿದ್ದ ಭಾವನನ್ನು ಜೀಪಿನಲ್ಲಿ ಹಿಡಿದುಕೊಂಡು ಕೂತಿದ್ದ ಅಕ್ಕನ ಜಾಗದಲ್ಲಿ ನಿಂತು ಯೋಚಿಸಿದರೆ, ಸರಿಯಾಗಿ ತರಬೇತಿಯಾದ ಒಬ್ಬ ಸರ್ಜನ್, ಫೋನಿನ ಆ ಕಡೆ ಒಬ್ಬ ನ್ಯೂರೋಸರ್ಜನ್, ಪಕ್ಕದಲ್ಲಿ ಒಂದು ಸಿಟಿ ಸ್ಕ್ಯಾನ್, ಇಷ್ಟು ತಾಲೂಕಿನಲ್ಲೇ ಇರಬೇಕು ಅಂತ ನಾನು ಹೇಳುತ್ತೇನೆ. ತೂತು ಕೊರೆಯುವುದು ಬೇಡ ಅಂತಾದರೂ ಫೋನ್ ಮತ್ತು ಸ್ಕ್ಯಾನ್ ಬೇಡ ಅನ್ನಲಿಕ್ಕೆ ಯಾವ ಕಾರಣವೂ ಇಲ್ಲ. ಸ್ಕ್ಯಾನಿನ ಫೋಟೋ ಮೂರೂವರೆಗೆ ಮಂಗಳೂರಿಗೆ ಬಂದಿದ್ದರೆ, ಬೆಡ್ ಎಲ್ಲಿದೆ ಅಂತ ಆಂಬುಲೆನ್ಸ್ ಹೊರಡುವ ಮೊದಲೇ ಗೊತ್ತಿದ್ದರೆ, ಭಾವ ಒಂದೇ ಆಸ್ಪತ್ರೆಯ ಬಾಗಿಲಿಗೆ ಬಂದು ನೇರ ಥಿಯೇಟರಿಗೆ ಹೋಗುತ್ತಿದ್ದರು.

ದುಡ್ಡಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಇದೆ, ತುರ್ತಿನಲ್ಲಿ ಸರ್ಕಾರಿ ಆಸ್ಪತ್ರೆಯ ಚೀಟಿಗೆ ಕಾಯಬೇಕಿಲ್ಲ. ರಸ್ತೆ ಅಪಘಾತವಾದರೆ 2016ರಲ್ಲಿ ಶುರುವಾದ ಹರೀಶ್ ಸಾಂತ್ವನ ಯೋಜನೆಯಲ್ಲಿ ಮೊದಲ 48 ಗಂಟೆಗೆ 25,000 ರೂಪಾಯಿಯವರೆಗೆ ಸಿಗುತ್ತಿತ್ತು. 2025ರಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತಕ್ಕೆ ಏಳು ದಿನದವರೆಗೆ ಒಂದೂವರೆ ಲಕ್ಷದ ಯೋಜನೆ ತಂದಿದೆ. ಎಲ್ಲ ಒಳ್ಳೆಯದೇ. ಆದರೆ ಅಡಿಕೆ ಮರ ರಸ್ತೆ ಅಲ್ಲ. ಭಾವನದ್ದು ಎಪಿಎಲ್ ಕಾರ್ಡ್. ಅಕ್ಕನ ಕರಿಮಣಿ ಒಂದು ಬಿಟ್ಟು ಉಳಿದ ಚಿನ್ನವೆಲ್ಲ ಸೊಸೈಟಿಯಲ್ಲಿ ಅಡವಿಗೆ ಹೋಯಿತು. ಬಳೆ ಇನ್ನೂ ಬಿಡಿಸಿಕೊಂಡಿಲ್ಲ.

ಭಾವ ಬದುಕಿದರು. ಮೂರು ತಿಂಗಳಾದ ಮೇಲೆ ಹೊಟ್ಟೆಯಲ್ಲಿದ್ದ ಎಲುಬನ್ನು ತಲೆಗೆ ಕೂರಿಸಿದರು. ಬಲಗೈಯಲ್ಲಿ ಬಲ ಕಡಿಮೆ. ಮಾತು ಬಂದಿದೆ, ಪದಗಳು ಮಾತ್ರ ಅದಲುಬದಲಾಗುತ್ತವೆ. ಮೊದಮೊದಲು ಕೈಯಲ್ಲಿ ಹಿಡಿಯುವ ಎಲ್ಲ ಸಾಮಾನಿಗೂ "ಕತ್ತಿ" ಅನ್ನುತ್ತಿದ್ದರು. ಚಮಚವೂ ಕತ್ತಿ, ಟಾರ್ಚೂ ಕತ್ತಿ. ಮಾತಿನ ತರಬೇತಿಗೆ ವಾರಕ್ಕೆರಡು ಸಲ ಮಂಗಳೂರಿಗೆ ಬರಬೇಕಿತ್ತು. ಬಸ್ಸಿನಲ್ಲಿ ಎರಡೂವರೆ ಗಂಟೆ ಬಂದು, ನಲವತ್ತು ನಿಮಿಷ ಅಲ್ಲಿ ಕೂತು, ಮತ್ತೆ ಎರಡೂವರೆ ಗಂಟೆ. ನಾಲ್ಕು ತಿಂಗಳಿಗೆ ಬಿಟ್ಟರು. ಮಗಳು ಪಿಯುಸಿ, ಅವಳೇ ಸಂಜೆ ಚಿತ್ರ ತೋರಿಸಿ ಹೇಳಿಸುತ್ತಾಳೆ. ಬೆನ್ನುಹುರಿಗೆ ಪೆಟ್ಟಾದವರ ಪಾಡು ಇದಕ್ಕಿಂತ ಕಷ್ಟ. ಬೆನ್ನಿನ ಆಪರೇಶನ್ ಚೆನ್ನಾಗಿ ಆದ ಎಷ್ಟೋ ಜನ ಆಮೇಲೆ ಮನೆಯಲ್ಲಿ ಮಲಗಿದಲ್ಲೇ ಹುಣ್ಣಾಗಿ, ಮೂತ್ರದ ಸೋಂಕಾಗಿ ಸಾಯುತ್ತಾರೆ. ಕೊಕ್ಕಡದ ಹತ್ತಿರ ಸೌತಡ್ಕದಲ್ಲಿ ಬೆನ್ನುಹುರಿ ಪೆಟ್ಟಾದವರಿಗೆ ಅಂತಲೇ ಸೇವಾಧಾಮ ಅನ್ನುವ ಪುನಶ್ಚೇತನ ಕೇಂದ್ರ ಇದೆ. ಗಾಲಿಕುರ್ಚಿಯಲ್ಲಿ ಕೂತು ತಮ್ಮ ಕೆಲಸ ತಾವೇ ಮಾಡಿಕೊಳ್ಳಲಿಕ್ಕೆ ಕಲಿಸುತ್ತಾರೆ. ಮರದಿಂದ ಬೀಳುವವರು ಇಷ್ಟು ಜನ ಇರುವ ನಮ್ಮ ಜಿಲ್ಲೆಗಳಲ್ಲಿ ಅಂಥದ್ದು ಪ್ರತಿ ತಾಲೂಕಿಗೂ ಬೇಕು.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಮಕ್ಕಳಿಗೆ ಆಪರೇಶನ್ ಮಾಡಿ ಮಾಡಿ ಸಾಕಾದ ನ್ಯೂರೋಸರ್ಜನ್‌ಗಳೇ ಬೇರೆ ಬೇರೆ ದೇಶಗಳಿಂದ ಒಟ್ಟಾಗಿ, ಇದನ್ನು ತಡೆಯಲಿಕ್ಕೆ ಆಹಾರದಲ್ಲೇ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಸೇರಿಸಿ ಅಂತ ಒತ್ತಾಯಿಸಿದರು. 2023ರಲ್ಲಿ ವಿಶ್ವ ಆರೋಗ್ಯ ಸಭೆ ಅದಕ್ಕೆ ನಿರ್ಣಯ ಮಾಡಿತು. ನಮ್ಮ ರೇಶನ್ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಸ್ವಲ್ಪ ಬೇರೆ ಬಣ್ಣದ ಕಾಳು ಕಾಣುತ್ತದಲ್ಲ, ಪ್ಲಾಸ್ಟಿಕ್ ಅಕ್ಕಿ ಅಂತ ವಾಟ್ಸಾಪಿನಲ್ಲಿ ಹಬ್ಬಿದ್ದು? ಅದರಲ್ಲಿರುವುದು ಕಬ್ಬಿಣ, ಬಿ12 ಮತ್ತು ಇದೇ ಫೋಲಿಕ್ ಆಸಿಡ್. ಆರಿಸಿ ಬಿಸಾಡಬೇಡಿ. ಹೆಲ್ಮೆಟ್ ಮಾತೂ ಹಾಗೇ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ 44ರಷ್ಟು ದ್ವಿಚಕ್ರ ವಾಹನದವರು. ಕುಮಟಾದವರ ಮಗನ ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತುಹಾಕಿತ್ತು. ಆ ಹುಡುಗ ಹದಿಮೂರನೇ ದಿನ ಹೋದ. ಅವನ ಅಪ್ಪ ಬೆಂಚಿನಿಂದ ಎದ್ದು ನನ್ನ ಕೈ ಹಿಡಿದು, "ನಿಮ್ಮ ಭಾವ ಎದ್ದರೆ ಒಂದು ಫೋನ್ ಮಾಡಿ" ಅಂದರು. ಮಾಡಿದೆ. ಫೋನಿನಲ್ಲಿ ಭಾವನೇ ಮಾತಾಡಿದರು, ನಾಲ್ಕು ಪದ.

ಈ ವರ್ಷ ಮದ್ದು ಬಿಡುವ ಸಮಯಕ್ಕೆ ನಾನು ಊರಿಗೆ ಹೋಗಿದ್ದೆ. ಈಗ ಕಾರ್ಬನ್ ಫೈಬರ್ ದೋಟಿ ತಂದಿದ್ದಾರೆ, ನೆಲದಲ್ಲೇ ನಿಂತು ಮದ್ದು ಬಿಡುತ್ತಾರೆ. ದೋಟಿ ಮುಟ್ಟದ ನಾಲ್ಕೈದು ಮರಕ್ಕೆ ಮಾತ್ರ ಹುಡುಗ ಹತ್ತುತ್ತಾನೆ. ಅಕ್ಕನ ಅಡುಗೆಮನೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿದೆ. ಮಗಳ ಅಕ್ಷರ. ತಲೆಗೆ ಪೆಟ್ಟಾದರೆ ಮೊದಲು ಗಂಟೆ ಬರೆದುಕೊಳ್ಳಿ. ಚೆನ್ನಾಗಿದ್ದೇನೆ ಅಂದರೂ ಒಂದು ದಿನ ಒಬ್ಬರನ್ನೇ ಬಿಡಬೇಡಿ. ತಲೆನೋವು ಜಾಸ್ತಿಯಾದರೆ, ವಾಂತಿಯಾದರೆ, ಮಂಪರು ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ ತಡಮಾಡಬೇಡಿ. 108. ಹೋಗುವ ಮೊದಲು ಫೋನ್ ಮಾಡಿ ಸಿಟಿ ಸ್ಕ್ಯಾನ್ ಇದೆಯಾ, ನ್ಯೂರೋಸರ್ಜನ್ ಇದ್ದಾರಾ, ಬೆಡ್ ಇದೆಯಾ ಕೇಳಿ. ಕೆಳಗೆ ಮೂರು ಆಸ್ಪತ್ರೆಗಳ ನಂಬರ್.

ಹತ್ತುವ ಹುಡುಗ ಚಾ ಕುಡಿಯಲಿಕ್ಕೆ ಬಂದಾಗ ಅಕ್ಕ ಅವನಿಗೂ ಒಂದು ಪ್ರತಿ ಕೊಟ್ಟಳು. ಅವನು ಓದಿ ನಾಲ್ಕಾಗಿ ಮಡಚಿ ಶರ್ಟಿನ ಕಿಸೆಗೆ ಹಾಕಿಕೊಂಡ. ಜಗಲಿಯಲ್ಲಿ ಕೂತಿದ್ದ ಭಾವ ಎಡಗೈ ಎತ್ತಿ ಅವನ ಕಿಸೆಯ ಕಡೆ ತೋರಿಸಿ ಏನೋ ಹೇಳಲಿಕ್ಕೆ ನೋಡಿದರು. ಪದ ಸಿಗಲಿಲ್ಲ. ಮಗಳು ಕಾದಳು. ನಾವೆಲ್ಲ ಕಾದೆವು. "ಮನೆ," ಅಂದರು ಭಾವ. "ಮನೆಯಲ್ಲೂ... ಅಂಟಿಸು."